ಹಿಂದೆ ಬರುವ ಬಸ್ಸು

ಮೊಬೈಲಿನ ಆಟ ಹೊರಗೆ ಬರುವುದಕ್ಕೆ ಇನ್ನೂ ಏಳು ತಿಂಗಳಿತ್ತು. ಅದರಿಂದ ಜನ ಏನೇನು ಬಯಸುತ್ತಾರೆ ಎಂಬ ಪತ್ರಗಳು ಮಾತ್ರ ಆಗಲೇ ಹನ್ನೊಂದು ಸಾವಿರ ದಾಟಿದ್ದವು. ಅವನ್ನೆಲ್ಲ ಓದುವುದು ನನ್ನ ಕೆಲಸ.

ನನ್ನ ಹೆಸರು ನೀಲಗಂಗಾ. ಹುಬ್ಬಳ್ಳಿಯ ಒಂದು ದಿನಪತ್ರಿಕೆಯಲ್ಲಿ ಹತ್ತೊಂಬತ್ತು ವರ್ಷ ಕರಡು ತಿದ್ದಿದವಳು. ಪತ್ರಿಕೆ ನಿಂತುಹೋದ ಮೇಲೆ, ಗೋಕುಲ ರಸ್ತೆಯಲ್ಲಿ 'ಕವಲು' ಎಂಬ ಕಂಪನಿಯವರು ಮೊಬೈಲಿನ ಆಟವೊಂದನ್ನು ಕಟ್ಟುತ್ತಿದ್ದಾರೆ, ಅವರಿಗೆ ಕನ್ನಡ ಓದುವವರು ಬೇಕಂತೆ ಎಂದು ಯಾರೋ ಹೇಳಿದರು. ನಲವತ್ತಾರು ವರ್ಷದ ಹೆಂಗಸಿಗೆ ಆಟದ ಕಂಪನಿಯಲ್ಲಿ ಏನು ಕೆಲಸ ಎಂದು ನಗುತ್ತಲೇ ಹೋದೆ. ಅವರ ಯಂತ್ರ ಪುಸ್ತಕದ ಕನ್ನಡವನ್ನು ನೀರು ಕುಡಿದಂತೆ ಓದುತ್ತಿತ್ತು. ಆದರೆ 'ಭಾಳ ಚಲೋ ಮಾಡೀರಿ ಬಿಡ್ರಿ' ಎಂದು ಯಾರಾದರೂ ಬೈದು ಬರೆದರೆ ಅದನ್ನು ಹೊಗಳಿಕೆಯ ಕಡೆಗೆ ಹಾಕಿ ಕೂರುತ್ತಿತ್ತು. ಹಾಗಾಗಿ ನನ್ನನ್ನು ಇಟ್ಟುಕೊಂಡರು.

ಆಟದ ಹೆಸರು 'ಏಳುಸೀಮೆ'. ಇದರಲ್ಲಿ ಗೊತ್ತುಪಡಿಸಿದ ದಾರಿ ಇಲ್ಲ. ಆಡುವವರು ಬೇಕಾದ ಪಾತ್ರ ತೊಟ್ಟು, ಬೇಕಾದ ದಿಕ್ಕಿಗೆ ಹೋಗಬಹುದು. ಕೋಟೆ, ಕಾಡು, ಕಡಲು, ಸಂತೆ ಎಲ್ಲವೂ ಉಂಟು. ಇಂಥ ಆಟಗಳು ಬೇಕಾದಷ್ಟಿವೆ, ಆದರೆ ಇದರಲ್ಲಿ ಪ್ರತಿಯೊಬ್ಬರ ಫೋನಿನಲ್ಲೂ ಅವರವರ ಆಸೆಯಿಂದಲೇ ಬೇರೆ ಬೇರೆ ಜಗತ್ತು ಬೆಳೆಯುತ್ತದೆ. ಹಾಗೆ ಬೆಳೆಸುವ ಯಂತ್ರಕ್ಕೆ 'ಸಮೀಪ' ಎಂದು ಹೆಸರಿಟ್ಟಿದ್ದರು. ಕಂಪನಿಯ ಮುಖ್ಯಸ್ಥೆ ವಿಭಾ ಕುಲಕರ್ಣಿ ಧಾರವಾಡದ ಹುಡುಗಿ, ಮೂವತ್ತೆರಡರ ವಯಸ್ಸು. ಮಂದಿ ಕೇಳಿದ್ದನ್ನು ಕೊಡುವ ಮೊದಲ ಆಟ ಇದು ಎಂದು ಮೊದಲ ದಿನವೇ ನನಗೆ ಹೇಳಿದಳು. ನಾನು ನಂಬಿದೆ. ನಂಬದಿರಲು ಆ ಹುಡುಗಿಯ ಮುಖದಲ್ಲಿ ಕಾರಣವೇ ಇರಲಿಲ್ಲ.

ಪತ್ರಗಳಲ್ಲಿ ಹೆಚ್ಚಿನವು ಎಲ್ಲ ಆಟಗಳಿಗೂ ಬರುವಂಥ ಮಾತುಗಳೇ. ಹಳೆಯ ಫೋನಿನಲ್ಲೂ ಓಡಬೇಕು. ಫೋನು ಬಿಸಿಯಾಗಬಾರದು. ಒಳ್ಳೆಯ ಪಾತ್ರಗಳನ್ನು ಲಾಟರಿಯ ಹಾಗೆ ಹಂಚಬೇಡಿ. ಕುದುರೆ ಗೋಡೆಯೊಳಗೆ ತೂರಿಕೊಂಡು ನಿಲ್ಲಬಾರದು. ಸಿಂದಗಿಯ ಒಬ್ಬರು, ನಡುವೆ ಜಾಹೀರಾತು ಹಾಕಿದರೆ ನಿಮ್ಮ ಮನೆ ಹಾಳಾಗಲಿ ಎಂದಷ್ಟೇ ಬರೆದಿದ್ದರು. ಆಗಾಗ ಬೇರೆ ತರಹದವೂ ಸಿಗುತ್ತಿದ್ದವು. ಆಟದಲ್ಲಿ ಬರುವ ಅಂಗಡಿಯವಳು ಎರಡನೆಯ ಸಲ ಹೋದಾಗ ನನ್ನ ಗುರುತು ಹಿಡಿಯಬೇಕು ಎಂದು ರಾಣೆಬೆನ್ನೂರಿನ ಹುಡುಗಿಯೊಬ್ಬಳು ಕೇಳಿದ್ದಳು. ಇಳಕಲ್ಲಿನ ಒಬ್ಬನಿಗೆ ಯುದ್ಧಗಿದ್ಧ ಏನೂ ಬೇಡ, ಯಾರೂ ಬಂದು ಖಾಲಿ ಮಾಡು ಅನ್ನದಂಥ ಒಂದು ಮನೆ ಸಾಕಿತ್ತು.

ಪ್ರತಿ ಪತ್ರದ ಪಕ್ಕದಲ್ಲೂ 'ತಿರುಳು' ಎಂಬ ಖಾನೆ ಇತ್ತು. ಈ ಮನುಷ್ಯನಿಗೆ ನಿಜವಾಗಿ ಬೇಕಾದದ್ದು ಏನು ಎಂದು ನಾನು ಅದರಲ್ಲಿ ಒಂದೆರಡು ಸಾಲು ತುಂಬಬೇಕು. ರಾಣೆಬೆನ್ನೂರಿನ ಹುಡುಗಿಗೆ 'ಅಂಗಡಿ ಮುಖ್ಯವಲ್ಲ, ಇವಳನ್ನು ಯಾರೂ ನೆನಪಿಟ್ಟುಕೊಂಡಿಲ್ಲ' ಎಂದು ಬರೆದೆ. ವಿಭಾ ಅದನ್ನು ಎರಡು ಸಲ ಓದಿದಳು. ನನಗೆ ಹೆಮ್ಮೆಯಾಗಿತ್ತು. ಇಷ್ಟು ವರ್ಷ ಬೇರೆಯವರ ತಪ್ಪು ತಿದ್ದಿ ಬದುಕಿದವಳಿಗೆ, ಈಗ ಬೇರೆಯವರ ಮನಸ್ಸು ಓದುತ್ತೇನೆ ಎಂಬ ಜಂಬ ಬಂದಿತ್ತು.

ಮನೆಯಲ್ಲಿ ನನ್ನ ಗಂಡ ಫಕೀರಪ್ಪ ಇರುತ್ತಿದ್ದರು. ಇಪ್ಪತ್ತಮೂರು ವರ್ಷ ಹುಬ್ಬಳ್ಳಿ–ಕಾರವಾರ ಬಸ್ಸು ಓಡಿಸಿದವರು. ಎರಡು ವರ್ಷದ ಹಿಂದೆ ಅರಬೈಲು ಘಟ್ಟ ಇಳಿಯುವಾಗ ಎಡಗಡೆ ಬಂದ ಬೈಕು ಅವರಿಗೆ ಕಾಣಲೇ ಇಲ್ಲ. ಬೈಕಿನವನು ಕೂದಲೆಳೆಯಲ್ಲಿ ಪಾರಾದ. ಇವರು ಬಸ್ಸನ್ನು ಬದಿಗೆ ನಿಲ್ಲಿಸಿ, ಇನ್ನು ನಾನು ಓಡಿಸುವುದಿಲ್ಲ ಎಂದು ಕಂಡಕ್ಟರ್ ದಾದಾಪೀರನಿಗೆ ಹೇಳಿದರು. ಬಸ್ಸು ನಡುದಾರಿಯಲ್ಲಿ ನಿಂತರೆ ಹಿಂದೆ ಬರುವ ಬಸ್ಸಿಗೆ ಜನರನ್ನು ಹತ್ತಿಸಬೇಕು. ಕೊನೆಯವರು ಹತ್ತುವ ತನಕ ಡ್ರೈವರ್ ಅಲ್ಲಿಂದ ಕದಲುವಂತಿಲ್ಲ. ಅದು ಬರೆದಿಟ್ಟ ನಿಯಮವೋ ಅಲ್ಲವೋ ನನಗೆ ಗೊತ್ತಿಲ್ಲ, ಇವರಿಗಂತೂ ಅದಕ್ಕಿಂತ ದೊಡ್ಡ ಧರ್ಮ ಇರಲಿಲ್ಲ. ನಲವತ್ತಮೂರು ಜನರ ಜೊತೆ ಒಂದು ಗಂಟೆ ನಲವತ್ತು ನಿಮಿಷ ಬಿಸಿಲಿನಲ್ಲಿ ನಿಂತಿದ್ದರಂತೆ.

ಆಮೇಲೆ ಗೊತ್ತಾದದ್ದು, ಕಣ್ಣಿನ ನರ ಒಣಗುತ್ತಿದೆ ಎಂದು. ಎಡಗಣ್ಣು ಹೋದಂತೆಯೇ. ಬಲಗಣ್ಣಿನಲ್ಲಿ ನಡುಭಾಗ ಉಳಿದಿದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ತಪ್ಪದೆ ಹನಿ ಹಾಕಿಕೊಂಡರೆ ಉಳಿದದ್ದು ಉಳಿಯುತ್ತದೆ, ಹೋದದ್ದು ಬರುವುದಿಲ್ಲ ಎಂದರು ಡಾಕ್ಟರು. ಇವರು ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಯಾವುದಕ್ಕೂ ಬಾಯಿ ಬಿಡುತ್ತಿರಲಿಲ್ಲ, ಊಟದ ವಿಷಯ ಒಂದನ್ನು ಬಿಟ್ಟು. ಇವತ್ತು ಎಣ್ಣೆಗಾಯಿ ಮಾಡು, ರೊಟ್ಟಿ ತೆಳ್ಳಗಿರಲಿ, ನಿನ್ನೆಯ ಶೇಂಗಾ ಹಿಂಡಿಗೆ ಖಾರ ಸಾಲಲಿಲ್ಲ ಎಂದು ದಿನಾ ಒಂದು ಪಟ್ಟಿ. ನನ್ನ ಆಫೀಸಿನ ಹನ್ನೊಂದು ಸಾವಿರ ಜನರದ್ದು ಒಂದು ತೂಕವಾದರೆ ನಿಮ್ಮೊಬ್ಬರದೇ ಒಂದು ತೂಕ ಎಂದು ನಾನು ಕಾಡಿಸುತ್ತಿದ್ದೆ.

ನೀವೂ ಒಂದು ಆಸೆ ಹೇಳಿ ಎಂದು ಅವರ ಬೆನ್ನು ಹತ್ತಿದವಳು ನಾನೇ. ಕತ್ತಿ ಗುರಾಣಿ ಹಿಡಿಯುವ ಆಟದಲ್ಲಿ ನನಗೇನು ಕೆಲಸ ಎಂದು ಒಂದು ವಾರ ತಳ್ಳಿಹಾಕಿದರು. ಒಂದು ಭಾನುವಾರ, ಬರೆಯುವ ಬದಲು ಧ್ವನಿಯಲ್ಲೇ ಪತ್ರ ಕಳಿಸಲು ಫೋನು ಕೈಗೆ ತೆಗೆದುಕೊಂಡು ಹಿತ್ತಲಿಗೆ ಹೋಗಿ ಮಾತಾಡತೊಡಗಿದರು. ನಲವತ್ತು ನಿಮಿಷ ಮಾತಾಡಿದರು. ನಮ್ಮ ಮದುವೆಯಾದ ಮೇಲೆ ಅವರು ಅಷ್ಟು ಹೊತ್ತು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಕಲಘಟಗಿಯ ಚಹಾದಂಗಡಿ, ಯಲ್ಲಾಪುರದಲ್ಲಿ ಹತ್ತುವ ಮೀನಿನ ಬುಟ್ಟಿಯವರು, ಅರಬೈಲಿನ ಒಂದೊಂದು ತಿರುವು, ಅಲ್ಲಿ ಬಿಸಿಲಿನಲ್ಲಿ ನಿಂತ ನಲವತ್ತಮೂರು ಮಂದಿ, ಕಾರವಾರದ ಹತ್ತಿರ ಬಿಣಗಾ ಏರು ಹತ್ತಿದಾಗ ಕೆಳಗೆ ಕಾಣುವ ಕಡಲು. ಕೊನೆಗೆ ಅವರು ಕೇಳಿದ್ದು ಒಂದೇ ಮಾತು.

"ಒಂದು ಸಲ ಕಾರವಾರ ಮುಟ್ಟಬೇಕು ನೋಡ್ರಿ. ಗಾಡಿ ನಿಲ್ಲಿಸಿ, ಎಲ್ಲಾ ಮಂದಿ ಇಳದಿಂದ ನಾ ಇಳೀಬೇಕು. ಅಷ್ಟs."

ಮರುದಿನ ಆಫೀಸಿನಲ್ಲಿ ಅವರ ತಿರುಳನ್ನೂ ನಾನೇ ಬರೆದೆ. 'ಬಸ್ಸು ಮುಖ್ಯವಲ್ಲ, ಕೊನೆಯ ಸ್ಟಾಪು ಮುಟ್ಟುವುದು ಮುಖ್ಯ. ಪ್ರಯಾಣಿಕರನ್ನು ನಡುದಾರಿಯಲ್ಲಿ ಬಿಟ್ಟು ಹೋಗುವ ಮನುಷ್ಯ ಇವರಲ್ಲ.' ಎರಡನೆಯ ವಾಕ್ಯ ಬೇಕಿರಲಿಲ್ಲ. ಗಂಡನ ಮೇಲಿನ ಅಭಿಮಾನಕ್ಕೆ ಬರೆದುಬಿಟ್ಟೆ.

ಆಟವನ್ನು ಮೊದಲು ಪರೀಕ್ಷೆಗೆಂದು ಆರುನೂರು ಜನರಿಗೆ ಕೊಟ್ಟರು. ಇವರ ಹೆಸರೂ ಅದರಲ್ಲಿ ಬಂತು. ಆಟ ತೆರೆದರೆ ಕೋಟೆಯ ಬಾಗಿಲ ಪಕ್ಕದಲ್ಲಿ ಒಂದು ಕೆಂಪು ಬಸ್ಸು ನಿಂತಿತ್ತು. ಫೋನನ್ನು ಅಡ್ಡ ಹಿಡಿದು ತಿರುಗಿಸಿದರೆ ಅದೇ ಸ್ಟಿಯರಿಂಗು. ಇವರು ಚಪ್ಪಲಿ ಬಿಟ್ಟು, ಫೋನಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡು ಶುರು ಮಾಡಿದರು. ಯಂತ್ರ ನಲವತ್ತಮೂರು ಪ್ರಯಾಣಿಕರನ್ನೂ ಕೊಟ್ಟಿತ್ತು. ಬುಟ್ಟಿಯವರು, ಕೂಸು ಎತ್ತಿಕೊಂಡ ಒಬ್ಬಳು, ಪದೇ ಪದೇ ಕಾರವಾರ ಯಾವಾಗ ಬರುತ್ತದೆ ಎಂದು ಕೇಳುವ ಟೊಪ್ಪಿಗೆಯ ಮುದುಕ. ಇವರು ಜೋರಾಗಿ ಉತ್ತರ ಕೊಡುತ್ತಿದ್ದರು. ನಮ್ಮ ಮನೆಯಲ್ಲಿ ಎರಡು ವರ್ಷದ ಮೇಲೆ ನಗು ಕೇಳಿಸಿತು. ಆ ವಾರ ನಾನು ವಿಭಾಗೆ ಮನೆಯಿಂದ ಕರ್ಚಿಕಾಯಿ ಒಯ್ದು ಕೊಟ್ಟೆ.

ಮೂರನೆಯ ವಾರ ಹನಿಯ ಬಾಟಲಿ ಖಾಲಿಯಾಗದೆ ಉಳಿದದ್ದು ಕಣ್ಣಿಗೆ ಬಿತ್ತು. ಕೇಳಿದರೆ, ಬಿಣಗಾ ಏರಿನಲ್ಲಿದ್ದೇನೆ, ಕೆಳಗೆ ಕಾರವಾರದ ಬಂದರು ಕಾಣುತ್ತಿದೆ, ಇನ್ನು ಹತ್ತು ನಿಮಿಷ ಎಂದರು. ಆ ಹತ್ತು ನಿಮಿಷ ದಿನಗಟ್ಟಲೆ ಹಾಗೇ ಇತ್ತು. ಒಮ್ಮೆ ಮರ ಬಿದ್ದಿರುತ್ತಿತ್ತು. ಒಮ್ಮೆ ದಾರಿ ಬಳಸಿಕೊಂಡು ಹೋಗಬೇಕಿತ್ತು. ಒಮ್ಮೆ ಮಂಜು. ಫೋನು ಕೆಳಗಿಟ್ಟರೆ ಬಸ್ಸು ಏರಿನಲ್ಲೇ ನಿಲ್ಲುತ್ತಿತ್ತು, ಆದರೆ ಒಳಗಿನ ಹೊತ್ತು ನಿಲ್ಲುತ್ತಿರಲಿಲ್ಲ. ಒಂದು ದಿನ ಹನಿ ಹಾಕಿಕೊಂಡು ಕಣ್ಣು ಮುಚ್ಚಿ ಮಲಗಿ, ತಿರುಗಿ ಬಂದು ನೋಡಿದರೆ ಕೂಸು ಅಳುತ್ತಿತ್ತಂತೆ. ಟೊಪ್ಪಿಗೆಯ ಮುದುಕ ಇಳಿದು ರಸ್ತೆಯ ಕಟ್ಟೆಯ ಮೇಲೆ ಕೂತು, ಡ್ರೈವರ್ ಸಾಹೇಬರು ಎಲ್ಲಿ ಹೋದರು ಎಂದು ಕೇಳುತ್ತಿದ್ದನಂತೆ. ಅಂದಿನಿಂದ ಇವರು ಹೊತ್ತಿಗೆ ಸರಿಯಾಗಿ ಹನಿ ಹಾಕಿಕೊಳ್ಳುವುದನ್ನು ಬಿಟ್ಟರು. ಅದು ಆಟ ಕಣ್ರೀ ಎಂದು ನಾನು ರೇಗಿದೆ.

"ಗೊತ್ತೈತಿ," ಎಂದರು. "ಆಟ ಆದ್ರೂ ಮಂದಿ ಕುಂತಾರಲ್ಲ."

ಕಣ್ಣಿನ ಪರೀಕ್ಷೆಯಲ್ಲಿ ಬಲಗಣ್ಣಿನ ನೋಟ ಇನ್ನಷ್ಟು ಕಿರಿದಾಗಿತ್ತು. ಹೀಗೇ ಬಿಟ್ಟರೆ ವರ್ಷ ತುಂಬುವುದರೊಳಗೆ ಪೂರ್ತಿ ಕತ್ತಲೆ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು.

ಮರುದಿನ ಬೆಳಿಗ್ಗೆ ನೇರವಾಗಿ ಮೂರನೆಯ ಮಹಡಿಯ ನಿಯಂತ್ರಣ ಕೋಣೆಗೆ ಹೋದೆ. ಓದುವವರಿಗೆ ಅಲ್ಲಿ ಕೆಲಸವಿರಲಿಲ್ಲ, ನಾನು ಅದನ್ನು ಒಳಗಿನಿಂದ ನೋಡಿಯೇ ಇರಲಿಲ್ಲ. ಒಂದು ಗೋಡೆ ತುಂಬ ಪರದೆ, ಅದರ ಮೇಲೆ ಆರುನೂರು ಚುಕ್ಕೆ. ಪ್ರತಿ ಚುಕ್ಕೆಯ ಮುಂದೆ ಒಂದು ಬಳೆ. ಚುಕ್ಕೆ ಆಡುವವರು, ಬಳೆ ಅವರ ಆಸೆ. ಚುಕ್ಕೆ ಹತ್ತಿರ ಹೋದಂತೆ ಬಳೆ ಸ್ವಲ್ಪ ಜರುಗುತ್ತಿತ್ತು. ಚುಕ್ಕೆ ಸುಸ್ತಾಗಿ ನಿಂತರೆ ಬಳೆ ತಾನೇ ಹತ್ತಿರ ಬರುತ್ತಿತ್ತು. ಫೋನಿನ ಕ್ಯಾಮೆರಾ ರೆಪ್ಪೆಯ ಬಡಿತ ನೋಡುತ್ತದೆ, ಗಾಜು ಬೆರಳಿನ ಒತ್ತಡ ಅಳೆಯುತ್ತದೆ, ಇವೆರಡರಿಂದ ಮನುಷ್ಯ ಕೈಚೆಲ್ಲುವ ಗಳಿಗೆ ಯಂತ್ರಕ್ಕೆ ಮೊದಲೇ ತಿಳಿಯುತ್ತದೆ ಎಂದು ವಿಭಾ ವಿವರಿಸಿದಳು. ಮುಚ್ಚಿಡುವ ವಿಷಯ ಎಂದು ಅವಳಿಗೆ ಅನ್ನಿಸಿಯೇ ಇರಲಿಲ್ಲ.

ನಾನು ರಾಣೆಬೆನ್ನೂರಿನ ಹುಡುಗಿಯ ಚುಕ್ಕೆಯನ್ನು ತೆರೆಸಿದೆ. ಅವಳು ಅಂಗಡಿಯ ಮುಂದೆ ನಿಂತಿದ್ದಳು. ಅಂಗಡಿಯವಳು ಇವಳನ್ನು ನೋಡಿ ಹುಬ್ಬು ಗಂಟಿಕ್ಕಿ, ಎಲ್ಲೋ ನೋಡಿದ ಹಾಗಿದೆಯಲ್ಲ ಎಂಬಂತೆ ಬಾಯಿ ತೆರೆದಳು. ಅಷ್ಟರಲ್ಲಿ ಬೇರೆ ಗಿರಾಕಿ ಕೂಗಿದ. ಅಂಗಡಿಯವಳು ಅತ್ತ ತಿರುಗಿದಳು. ಹೀಗೆ ಇನ್ನೂರ ಹನ್ನೆರಡು ಸಲ ಆಗಿತ್ತು. ಚುಕ್ಕೆಯ ಕೆಳಗೆ ನಾನು ಬರೆದ ತಿರುಳು ಹಾಗೆಯೇ ಇತ್ತು.

"ಕೈಗೆ ಸಿಕ್ಕರ ಆಟ ಮುಗೀತದ ಅಕ್ಕಾರ," ಎಂದಳು ವಿಭಾ. "ಸಿಗೂದೇ ಇಲ್ಲ ಅಂತ ಗೊತ್ತಾದರೂ ಮುಗೀತದ. ನಡುವ ಎಲ್ಲಿ ಇಡಬೇಕು ಅನ್ನೋದು ನಮಗ ತಿಳೀತಿರಲಿಲ್ಲ. ನಿಮ್ಮ ತಿರುಳು ಬಂದಮ್ಯಾಲೆ ತಿಳೀತು."

ಅವಳ ಮೇಲೆ ಎಷ್ಟು ಸಿಟ್ಟು ಬಂತೋ ನನ್ನ ಮೇಲೂ ಅಷ್ಟೇ ಬಂತು. ಹನ್ನೊಂದು ಸಾವಿರ ಜನ ಬಾಯಿಬಿಟ್ಟು ಹೇಳಿಕೊಂಡಿದ್ದರು. ಎಲ್ಲಿ ಮುಟ್ಟಿದರೆ ನೋಯುತ್ತದೆ ಎಂದು ಒಬ್ಬೊಬ್ಬರದ್ದನ್ನೂ ಹುಡುಕಿ ಗುರುತು ಹಾಕಿಕೊಟ್ಟವಳು ನಾನು. ನಮ್ಮ ಮನೆಯವರ ಕಣ್ಣು ಹೋಗುತ್ತಿದೆ ಎಂದು ಅವಳಿಗೆ ಹೇಳಿದೆ. ವಿಭಾಳ ಮುಖ ಬಿಳಿಚಿತು, ಅದು ನಟನೆಯಲ್ಲ. ಅವರ ಹೆಸರನ್ನು ಪಟ್ಟಿಯಿಂದ ಈಗಲೇ ತೆಗೆಯುತ್ತೇನೆ ಎಂದಳು. ಬೇಡ ಎಂದವಳು ನಾನು. ಆಟ ತಟ್ಟನೆ ನಿಂತುಹೋದರೆ ನಲವತ್ತಮೂರು ಜನರನ್ನು ಎರಡನೆಯ ಸಲವೂ ಕಾರವಾರ ಮುಟ್ಟಿಸಲಿಲ್ಲ ಎಂದು ಅವರು ಕೊರಗುತ್ತಾರೆ ಎಂದು ನನಗೆ ಭಯವಾಯಿತು. ಕಾರವಾರ ಮುಟ್ಟಿಸಿಬಿಡು ಎಂದು ಕೇಳಿಕೊಂಡೆ. ಒಬ್ಬರಿಗೆಂದು ಬಳೆಯನ್ನು ಕೈಯಿಂದ ಹಿಡಿದು ನಿಲ್ಲಿಸಲು ಬರುವುದಿಲ್ಲ, ಹೊಸ ಬೇಡಿಕೆಯೊಂದನ್ನು ಸೇರಿಸಬಹುದು ಅಷ್ಟೇ ಎಂದಳು.

ಆಗ ನನಗೆ ಹಿಂದೆ ಬರುವ ಬಸ್ಸು ನೆನಪಾಯಿತು. ಜನರನ್ನು ಅದಕ್ಕೆ ಹತ್ತಿಸಿಬಿಟ್ಟರೆ ಇವರ ಋಣ ತೀರುತ್ತದೆ, ಫೋನು ಕೆಳಗಿಡುತ್ತಾರೆ. ಇವರ ಹೆಸರಿನಲ್ಲಿ ನಾನೇ ಬರೆದೆ: 'ಹಿಂದಿನಿಂದ ಇನ್ನೊಂದು ಬಸ್ಸು ಬಂದು ನನ್ನ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲಿ.' ಇದನ್ನೂ 'ಸಮೀಪ' ಯಂತ್ರ ದೂರ ಜರುಗಿಸುತ್ತದೆಯೇ ಎಂದು ಕೇಳಿದೆ. ನಾನು ನೋಡಿಕೊಳ್ಳುತ್ತೇನೆ ಅಕ್ಕಾರ, ನಂಬಿಕೆ ಇಡಿ ಎಂದಳು. ಇಟ್ಟೆ. ಮನೆಗೆ ಹೋಗಿ ಇವರಿಗೆ ನಿಜ ಹೇಳುವುದು ಅದಕ್ಕಿಂತ ಸುಲಭವಿತ್ತು, ಆದರೆ ನನ್ನ ತಪ್ಪು ನನ್ನ ಬಾಯಿಂದ ಹೊರಡಲಿಲ್ಲ.

ಮರುದಿನ ಸಂಜೆ ಇವರು ನನ್ನನ್ನು ಕೂಗಿ ಕರೆದರು. ಬಸ್ಸಿನ ಕನ್ನಡಿಯಲ್ಲಿ ದೂರದ ತಿರುವಿನ ಹತ್ತಿರ ಎರಡು ಬೆಳಕು ಕಾಣುತ್ತಿದ್ದವು. ಬಂತು ನೋಡು ಹಿಂದಿನ ಗಾಡಿ ಎಂದು ಮುಖ ಅರಳಿಸಿಕೊಂಡು ತೋರಿಸಿದರು. ಪ್ರಯಾಣಿಕರಿಗೆಲ್ಲ ಸಾಮಾನು ಕೆಳಗಿಳಿಸಿಕೊಳ್ಳಲು ಹೇಳಿದ್ದರು. ನನಗೆ ಅಷ್ಟು ಸಮಾಧಾನವಾಯಿತು ಎಂದರೆ ಅಡುಗೆಮನೆಗೆ ಹೋಗಿ ಸ್ವಲ್ಪ ಅತ್ತೆ. ಅದರ ಮರುದಿನವೂ ಬೆಳಕು ಅಲ್ಲೇ ಇತ್ತು. ಆ ದಿನ ಇವರು ಎದ್ದದ್ದು ಮೂರು ಸಲ ಮಾತ್ರ.

ಮೂರನೆಯ ದಿನ ಆಫೀಸಿನಲ್ಲಿ ಎಲ್ಲರನ್ನೂ ಸಭೆಗೆ ಕರೆದರು. ಮೇಜಿನ ಮೇಲೆ ಧಾರವಾಡ ಪೇಡೆಯ ಡಬ್ಬಿಗಳಿದ್ದವು. ಪರೀಕ್ಷೆಯಲ್ಲಿ ಒಂದು ಹೊಸ ಸಂಗತಿ ಸಿಕ್ಕಿದೆ ಎಂದು ವಿಭಾ ಹೇಳಿದಳು. ಮುಂದಿರುವ ಆಸೆ ಮಂಕಾದಾಗ, ಹಿಂದಿನಿಂದ ಸಹಾಯ ಬರುತ್ತಿದೆ ಎಂದು ಬರೀ ತೋರಿಸಿದರೂ ಸಾಕು, ಜನ ಕಾಯುತ್ತಾರೆ. ಮುಟ್ಟುವ ಆಸೆಗಿಂತ ಕಾಯುವ ಆಸೆಗೆ ಆಯುಷ್ಯ ಜಾಸ್ತಿ. ಒಬ್ಬ ಆಟಗಾರರು ದಿನಕ್ಕೆ ಆರು ಗಂಟೆಯಿಂದ ಒಂಬತ್ತೂವರೆಗೆ ಏರಿದ್ದಾರೆ. ಇದನ್ನು ಆರುನೂರು ಜನರಿಗೂ ಹಾಕುತ್ತಿದ್ದೇವೆ, ಇದರ ಕೀರ್ತಿ ನಮ್ಮ ನೀಲಕ್ಕನದು. ಎಲ್ಲರೂ ನನ್ನ ಕಡೆ ತಿರುಗಿ ಚಪ್ಪಾಳೆ ತಟ್ಟಿದರು. ಯಾರೋ ನನ್ನ ಕೈಗೆ ಪೇಡೆ ಇಟ್ಟರು. ನಾನು ವಿಭಾಳ ಮುಖವನ್ನೇ ನೋಡಿದೆ. ಅವಳು ಒಂದು ಕ್ಷಣ ಮಾತ್ರ ನೋಡಿ, ಕಣ್ಣು ತಪ್ಪಿಸಿ ಮುಂದಿನ ಪುಟಕ್ಕೆ ಹೋದಳು.

ಪೇಡೆಯನ್ನು ಮೇಜಿನ ಮೇಲಿಟ್ಟು ಎದ್ದು ಬಂದೆ. ಆಟೋ ಹಿಡಿದು ಮನೆ ಸೇರಿದಾಗ ಮಧ್ಯಾಹ್ನ ಹನ್ನೆರಡೂವರೆ. ಇವರು ಕಿಟಕಿಯ ಹತ್ತಿರ ಫೋನನ್ನು ಮುಖಕ್ಕೆ ಹತ್ತಿರ ಹಿಡಿದು ಕೂತಿದ್ದರು. ನಾನು ಎದುರಿಗೆ ಕೂತು ಎಲ್ಲ ಹೇಳಿದೆ. ತಿರುಳಿನ ಖಾನೆ, ಬಳೆ, ಬಿಣಗಾ ಏರು, ನಾನು ಅಭಿಮಾನಕ್ಕೆ ಬರೆದ ಎರಡನೆಯ ವಾಕ್ಯ, ಅವರ ಹೆಸರಿನಲ್ಲಿ ಬರೆದ ಬಸ್ಸು. ಆ ಬಸ್ಸು ಬರುವುದಿಲ್ಲ ರೀ ಎಂದೆ. ಅವರು ಕನ್ನಡಿಯ ಬೆಳಕನ್ನು ನೋಡುತ್ತಲೇ ಕೇಳಿದರು.

"ನಿನಗ ಯಾವಾಗ ಗೊತ್ತಾತು?"

"ಬಸ್ಸು ಬರೂದಿಲ್ಲ ಅಂತ ಇವತ್ತ ಗೊತ್ತಾತ್ರಿ. ಉಳಿದದ್ದು ಮೂರು ದಿನದ ಹಿಂದ."

"ಮೂರು ದಿನ," ಎಂದರು. "ನಾ ಮಂದಿಗೆ ಸಾಮಾನು ಇಳಿಸ್ಕೊರಿ ಅಂದಾಗ ನೀ ಬಾಜೂಕs ನಿಂತಿದ್ದಿ."

ಹೌದು ಎಂದೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಫೋನಿನಲ್ಲಿ ಟೊಪ್ಪಿಗೆಯ ಮುದುಕ, ಕಾರವಾರ ಯಾವಾಗ ಬರುತ್ತದೆ ಎಂದು ಮತ್ತೆ ಕೇಳಿದ. ಇವರು ಬಸ್ಸನ್ನು ನಿಧಾನವಾಗಿ ಬದಿಗೆ ತಂದು ನಿಲ್ಲಿಸಿದರು. ಇಪ್ಪತ್ತಮೂರು ವರ್ಷದ ರೂಢಿಯ ಹಾಗೆ ಹಿಂದಕ್ಕೆ ತಿರುಗಿದರು. ಹಿಂದೆ ನಮ್ಮ ಮನೆಯ ಗೋಡೆ ಇತ್ತು.

"ಗಾಡಿ ಮುಂದ ಹೋಗೂದಿಲ್ರಿ. ಹಿಂದಿನ ಗಾಡೀನೂ ಬರೂದಿಲ್ಲ. ನಿಮಗ ಸುಳ್ಳು ಹೇಳಿದೆ, ತಪ್ಪಾತು."

ಆಟದಿಂದ ಹೊರಗೆ ಬರುವ ಗುಂಡಿಯನ್ನು ತಡಕಿ ಒತ್ತಿದರು. ಹೋಗುವ ಮುನ್ನ ಹೇಳಿ, ನಿಮಗೇನು ಬೇಕಿತ್ತು ಎಂದು ಪರದೆಯ ಮೇಲೆ ಬಂತು. ಕೆಳಗೆ ಬರೆಯಲು ಖಾಲಿ ಜಾಗ. ಅವರು ಅದನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಏನೂ ಬರೆಯದೆ ಮುಚ್ಚಿಬಿಟ್ಟರು. ಹನ್ನೊಂದು ಸಾವಿರ ಪತ್ರ ಓದಿದವಳು ನಾನು, ಖಾಲಿ ಬಿಟ್ಟ ಪತ್ರದಿಂದ ಯಾವ ತಿರುಳನ್ನೂ ತೆಗೆಯಲು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕೆಲಸ ಬಿಟ್ಟೆ. ಇವರು ಈಗ ಹನಿ ತಪ್ಪಿಸುವುದಿಲ್ಲ, ಬಲಗಣ್ಣು ಇದ್ದಷ್ಟು ಉಳಿದಿದೆ. ಆಟ ಹೇಳಿದ ದಿನಕ್ಕೇ ಬಂತು, ಜನ ಮುಗಿಬಿದ್ದು ಆಡುತ್ತಿದ್ದಾರಂತೆ. ಕಂಪನಿಯ ಬಗ್ಗೆ ಹಳೆಯ ಪತ್ರಿಕಾ ಸ್ನೇಹಿತರಿಗೆ ಬರೆದು ಕಳಿಸಿದ್ದೇನೆ, ಇನ್ನೂ ಯಾರೂ ಅಚ್ಚು ಹಾಕಿಲ್ಲ.

ಪ್ರತಿದಿನ ಬೆಳಿಗ್ಗೆ ಒಲೆ ಹಚ್ಚಿ, ಇವತ್ತು ಏನು ಮಾಡಲಿ ಎಂದು ಇವರನ್ನು ಕೇಳುತ್ತೇನೆ. ಎಣ್ಣೆಗಾಯಿ ಮಾಡಲೇ, ಝುಣಕ ಮಾಡಲೇ, ಹಿಂಡಿಗೆ ಖಾರ ಎಷ್ಟು ಹಾಕಲಿ ಎಂದು ಕೇಳುತ್ತೇನೆ. ಅವರು ನನ್ನ ಕಡೆಗೆ ನೋಡುವುದಿಲ್ಲ.

"ಏನರ ಮಾಡು," ಅನ್ನುತ್ತಾರೆ.